ಹದಿನಾರು ತಂತಿ, ಹದಿನಾರು ಚಿಟಿಕೆ

ನಾನು ನಸ್ಯ ಏರಿಸುವುದನ್ನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಅದಕ್ಕೂ ಮುಂಚೆ ನನಗೆ ಎಲೆ ಅಡಿಕೆಯ ಅಭ್ಯಾಸವೂ ಇರಲಿಲ್ಲ. ನೆಲದ ಆಫೀಸಿನ ಗೋಡೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದರ ಪಕ್ಕಕ್ಕೆ ಗೋಪಾಲರಾಯರು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ಹಾಳೆ ಇತ್ತು. ಒಂದು, ಗುಂಡಿ ತಿರುಗಿಸುವುದು. ಎರಡು, ನಸ್ಯ. ಮೂರು, ಮುಳ್ಳು ನೋಡುವುದು. ನಾಲ್ಕು, ಬರೆಯುವುದು. ಕೆಲಸ ಕಲಿಸಿದವರು ಅವರೇ. ಮೊದಲ ದಿನ ನಾನು ಎರಡನ್ನು ಬಿಟ್ಟು ಮೂರಕ್ಕೆ ಹೋದೆ. ರಾಯರು ನನ್ನ ಕೈ ಹಿಡಿದು ನಿಲ್ಲಿಸಿ, "ಪಾಲಯ್ಯ, ಬರೆದಿದ್ದನ್ನ ಬರೆದ ಹಾಗೆ ಮಾಡು" ಎಂದು ತಮ್ಮ ಡಬ್ಬಿಯನ್ನು ಮುಂದಕ್ಕೆ ಚಾಚಿದರು. ಅಂದು ಸಂಜೆಯವರೆಗೆ ನಾನು ಸೀನಿದೆ.

ನಮ್ಮೂರಿನ ನೆಲ ಮಗ್ಗುಲಾಗುತ್ತದೆ. ತಿಂಗಳಿಗೆ ಏಳೆಂಟು ಸಲ, ಊರಿನ ಹದಿನಾರು ಜಾಗಗಳಲ್ಲಿ ಯಾವುದಾದರೂ ಒಂದು ಜಾಗ, ಹಗಲು ಹೊತ್ತಿನಲ್ಲಿ, ಒಂದು ಬದಿಗೆ ಮೊಳದಷ್ಟು ಏಳುತ್ತದೆ. ಕಾಲುಗಂಟೆ ಹಾಗೇ ಇದ್ದು ತಾನಾಗಿ ಇಳಿಯುತ್ತದೆ. ಅದರಿಂದ ಮನೆ ಬೀಳುವುದಿಲ್ಲ. ನಮ್ಮ ಮನೆಗಳು ಗಿಡ್ಡ, ಗೋಡೆ ದಪ್ಪ. ಅಂಗಡಿಯ ಹಲಗೆಗಳಿಗೆಲ್ಲ ಮುಂದೆ ಒಂದೊಂದು ದಾರ ಕಟ್ಟಿರುತ್ತಾರೆ. ಹೋಟೆಲಿನಲ್ಲಿ ಲೋಟದ ಅರ್ಧಕ್ಕಷ್ಟೇ ಕಾಫಿ ಸುರಿಯುತ್ತಾರೆ. ಹೊರಗಿನಿಂದ ಬಂದವರು ನಮ್ಮನ್ನು ಜಿಪುಣರು ಅಂದುಕೊಂಡು ಹೋಗುತ್ತಾರೆ, ನಾವು ತಿದ್ದಲು ಹೋಗುವುದಿಲ್ಲ. ಹೆಣ್ಣು ನೋಡಲು ಬಂದವರು ಗೋತ್ರ ಕೇಳುವ ಮುಂಚೆ ನಿಮ್ಮದು ಯಾವ ತಂತಿ ಎಂದು ಕೇಳುವುದುಂಟು. ಅಪಾಯ ಅಂತ ಇರುವುದು ಒಂದೇ ಕಡೆ, ಮೇಗಳ ಬಾವಿಯಲ್ಲಿ. ಅಲ್ಲಿ ನೆಲ ಮಗ್ಗುಲಾದರೆ ಬಾವಿ ಬಾಯಿ ಮುಚ್ಚುತ್ತದೆ. ಮೇಲಿನಿಂದ ತಳದವರೆಗೂ ಸುತ್ತಿನ ಕಲ್ಲುಗಳು ಒಳಕ್ಕೆ ಬಂದು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಕಾಲುಗಂಟೆಯ ಮೇಲೆ ತೆರೆದುಕೊಳ್ಳುತ್ತದೆ. ನೀರಿಗೆ ಏನೂ ಆಗುವುದಿಲ್ಲ. ಮುಚ್ಚಿ ತೆರೆದಾಗಲೆಲ್ಲ ಹೂಳು ಮಾತ್ರ ಹೊಸದಾಗಿ ತುಂಬುತ್ತದೆ.

ಆ ಹೂಳನ್ನು ತೆಗೆಯುವವನು ನನ್ನ ತಮ್ಮ ದುರುಗಪ್ಪ. ಊರಿಗೆಲ್ಲ ಕುಡಿಯುವ ನೀರು ಅದೊಂದೇ ಬಾವಿಯದು. ಆದ್ದರಿಂದ ವಾರಕ್ಕೆ ನಾಲ್ಕು ದಿನ ಅವನು ಅರವತ್ತು ಅಡಿ ಕೆಳಗೆ ಇರುತ್ತಾನೆ. ಮೇಲೆ ಅವನ ಹೆಂಡತಿ ಬೋರಮ್ಮ ರಾಟೆಯ ಹಗ್ಗ ಹಿಡಿದಿರುತ್ತಾಳೆ. ಅವನು ಹಗ್ಗ ಹಿಡಿದು, ಕಲ್ಲಿನ ಮೆಟ್ಟಿಲ ಮೇಲೆ ಕಾಲಿಟ್ಟು ಮೇಲೆ ಬರಲು ಆರು ನಿಮಿಷ ಬೇಕು. ನೆಲ ಏಳುವ ಮುಂಚೆ ಇಪ್ಪತ್ತು ನಿಮಿಷ ಒಳಗೊಳಗೇ ಮಿಸುಕಾಡುತ್ತದೆ. ಆ ಮಿಸುಕಾಟ ಕಾಲಿಗೆ ತಿಳಿಯುವುದಿಲ್ಲ, ತಂತಿಗೆ ತಿಳಿಯುತ್ತದೆ. ಇಪ್ಪತ್ತರಲ್ಲಿ ಆರು ಕಳೆದರೆ ಹದಿನಾಲ್ಕು ನಿಮಿಷ ಉಳಿಯುತ್ತದೆ ಎನ್ನುವುದು ದುರುಗಪ್ಪನ ಜೀವನದ ಲೆಕ್ಕ.

ಹದಿನಾರು ಜಾಗಕ್ಕೂ ಒಂದೊಂದು ತಂತಿ ಹೂಳಿ ಆಫೀಸಿಗೆ ಎಳೆದವರು ರಾಯರು. ಯಾವ ಓಣಿಯವರು ಮೊದಲು ಅಗೆಯಲು ಒಪ್ಪಿದರೋ ಅವರದು ಒಂದು, ಆಮೇಲೆ ಒಪ್ಪಿದವರದು ಎರಡು, ಹೀಗೆ. ಹಾಗಾಗಿ ನಾಲ್ಕನೆಯ ತಂತಿ ಊರ ಮೂಡಲಿಗಿರುವ ಸಂತೆ ಮೈದಾನದ್ದು, ಐದನೆಯದು ಪಡುವಲಿಗಿರುವ ಕುಂಬಾರ ಓಣಿಯದು. ಅಕ್ಕಪಕ್ಕದ ಅಂಕಿಯವರು ಅಕ್ಕಪಕ್ಕದ ಮನೆಯವರಲ್ಲ. ಪೆಟ್ಟಿಗೆಗೆ ಕಿವಿ ಒಂದೇ. ಗುಂಡಿಯನ್ನು ಯಾವ ಹೆಸರಿಗೆ ತಿರುಗಿಸಿದರೆ ಆ ತಂತಿಯ ಮಾತು ಕೇಳುತ್ತದೆ. ಮುಳ್ಳು ನಡುವೆ ನಿಂತರೆ ನೆಲಕ್ಕೆ ನಿದ್ದೆ, ಬಲಕ್ಕೆ ವಾಲಿದರೆ ಮಿಸುಕಾಟ. "ಕೇಳಿದ ಕೂಡಲೇ ಉತ್ತರ ಕಿತ್ಕೋಬಾರದು, ಒಂದು ಚಿಟಿಕೆ ಹೊತ್ತು ಕೊಡಬೇಕು" ಎಂದು ರಾಯರು ಹೇಳುತ್ತಿದ್ದರು. ಅದು ಪೆಟ್ಟಿಗೆಗೆ ತೋರಿಸುವ ಮರ್ಯಾದೆ ಎಂದು ನಾನು ತಿಳಿದಿದ್ದೆ. ರಾಯರು ಎಲ್ಲರಿಗೂ ಮರ್ಯಾದೆ ತೋರಿಸುವವರು, ಪೋಸ್ಟ್ ಡಬ್ಬಕ್ಕೂ ಕಾಗದ ಹಾಕಿ ತಲೆಬಾಗುತ್ತಿದ್ದರು.

ಆಮೇಲೆ ರಾಯರೇ ಒಂದು ಕಂಪ್ಯೂಟರ್ ತರಿಸಿದರು. ಅದರ ಹೊಟ್ಟೆಯೊಳಗೆ ಅಂಗೈಯಗಲದ ಹಸಿರು ಕಾರ್ಡೊಂದನ್ನು ಸಿಕ್ಕಿಸಿ, ಪೆಟ್ಟಿಗೆಯಿಂದ ಅದಕ್ಕೆ ಕೇಬಲ್ ಎಳೆದರು. ಅಲ್ಲಿಂದಾಚೆಗೆ ಐದು ನಿಮಿಷಕ್ಕೊಮ್ಮೆ ಹದಿನಾರು ತಂತಿಯನ್ನೂ ಕಂಪ್ಯೂಟರೇ ಕೇಳಿ ನೋಡುತ್ತಿತ್ತು. ಎಲ್ಲಾದರೂ ಮಿಸುಕಾಟ ಕಂಡರೆ ಗಂಟೆ ಹೊಡೆಯುತ್ತಿತ್ತು. ನಾನು ಎದ್ದು, ಅದು ಹೇಳಿದ ಜಾಗಕ್ಕೆ ಕೈಯಾರೆ ಗುಂಡಿ ತಿರುಗಿಸಿ, ನಸ್ಯ ಏರಿಸಿ, ಮುಳ್ಳು ನೋಡಿ ಖಾತ್ರಿ ಮಾಡಿಕೊಂಡು, ಮೈಕು ಹಿಡಿಯುತ್ತಿದ್ದೆ. ಹಿಡಿದ ತಕ್ಷಣ ಸೀನು ಬರುತ್ತಿತ್ತು. ಊರಿನ ಹನ್ನೆರಡು ಧ್ವನಿವರ್ಧಕಗಳಲ್ಲೂ ಮೊದಲು ನನ್ನ ಸೀನು, ಆಮೇಲೆ "ಕುಂಬಾರ ಓಣಿಯವರು ಗಮನಿಸಿ, ನಿಮ್ಮ ನೆಲ ಮಗ್ಗುಲಾಗುತ್ತದೆ" ಎನ್ನುವ ಮಾತು. ಬೇರೆ ಊರುಗಳಲ್ಲಿ ಹೊರಡುವ ಹೊತ್ತಿಗೆ ಯಾರಾದರೂ ಸೀನಿದರೆ ಕೂತು ನೀರು ಕುಡಿಯುತ್ತಾರೆ. ನಮ್ಮೂರಿನಲ್ಲಿ ಸೀನು ಕೇಳಿಸಿದರೆ ಹೆಂಗಸರು ಒಲೆಯ ಮೇಲಿನ ಪಾತ್ರೆ ಕೆಳಗಿಳಿಸಿ, ಹೆಸರಿಗಾಗಿ ಕಿವಿಗೊಡುತ್ತಿದ್ದರು. ಇಪ್ಪತ್ತೆಂಟು ವರ್ಷ ಹೀಗೆ ನಡೆಯಿತು. ರಾಯರು ತೀರಿಕೊಂಡು ಹದಿನೈದು ವರ್ಷವಾಗಿತ್ತು.

ಹೋದ ಸಲದ ಬೇಸಿಗೆಗೆ ಮುಂಚೆ ಒಂದು ಬೆಳಗ್ಗೆ ಕಂಪ್ಯೂಟರ್ ಸಣ್ಣದಾಗಿ ಹೊಗೆ ಬಿಟ್ಟು ನಿಂತಿತು. ಕಾರ್ಡಿಗೆ ಏನೂ ಆಗಿರಲಿಲ್ಲ, ಆದರೆ ಅದನ್ನು ಸಿಕ್ಕಿಸುವಂಥ ಸೀಳು ಈಗಿನ ಯಾವ ಕಂಪ್ಯೂಟರಿನಲ್ಲೂ ಇಲ್ಲವಂತೆ. ಪಂಚಾಯಿತಿ ಕಾರ್ಯದರ್ಶಿ ರುದ್ರಮುನಿಯವರು ಜಿಲ್ಲಾ ಕೇಂದ್ರದಿಂದ ಸಬೀಹಾ ಎಂಬವರನ್ನು ಕರೆಸಿದರು. ಮೂವತ್ತೈದರ ಆಸುಪಾಸು, ಹೆಗಲಿಗೆ ಒಂದು ಚೀಲ, ಚೀಲದಲ್ಲಿ ಬರೀ ವೈರು. ಬಂದ ದಿನ ಅವರು ಹೋಟೆಲಿನಲ್ಲಿ ಅರ್ಧ ಲೋಟ ಕಾಫಿಯನ್ನು ನೋಡಿ, ಮಾತಾಡದೆ ಇನ್ನೊಂದು ಅರ್ಧ ಲೋಟ ತರಿಸಿಕೊಂಡರು. ಆಗಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಕೆಲಸ ಒಂದು ತಿಂಗಳು ಹಿಡಿಯಿತು. ನಾನು ಅಷ್ಟು ದಿನವೂ ಕೈಯಿಂದಲೇ ಗುಂಡಿ ತಿರುಗಿಸುತ್ತ, ಐದು ನಿಮಿಷಕ್ಕೆ ಹದಿನಾರು ಚಿಟಿಕೆ ಏರಿಸುತ್ತ ಕೂತಿದ್ದೆ. ಮಧ್ಯೆ ಸೀನುತ್ತ ಅವರನ್ನು ಮಾತಾಡಿಸುತ್ತಿದ್ದೆ. "ಏನ್ ಕಷ್ಟ ಐತೆ ತಾಯಿ ಇದರಾಗೆ?" ಎಂದು ಕೇಳಿದೆ.

"ಅಣ್ಣ, ಈ ಕಾರ್ಡಿಗೆ ಒಬ್ಬನ ಮಾತು ಮಾತ್ರ ತಿಳಿಯೋದು. ಡ್ರೈವರ್ ಅಂತ ಒಂದು ಸಣ್ಣ ಪ್ರೋಗ್ರಾಮ್. ಮೂವತ್ತು ವರ್ಷದ ಹಿಂದಿನವನು. ನಾನು ಬರೀತಿರೋದು ಈಗಿನ ಭಾಷೆಯಲ್ಲಿ. ನಾನು ಹೇಳೋದು ಅವನಿಗೆ ತಿಳಿಯಲ್ಲ, ಅವನು ಹೇಳೋದು ನನ್ನ ಪ್ರೋಗ್ರಾಮಿಗೆ ತಿಳಿಯಲ್ಲ."

"ದನದ ಸಂತೇಲಿ ಟವೆಲ್ ಒಳಗೆ ಬೆರಳು ಹಿಡಿದು ಮಾತಾಡ್ತಾರಲ್ಲ, ಹಂಗೆ."

"ಹಾಗೇ ಅನ್ನಿ. ಈಗ ಆ ಬೆರಳಿನ ಮಾತು ಬಲ್ಲ ದಲ್ಲಾಳಿ ಒಬ್ಬನನ್ನ ನಡುವೆ ಕೂರಿಸ್ತಿದ್ದೀನಿ. ನಾನು ದಲ್ಲಾಳಿಗೆ ಹೇಳ್ತೀನಿ, ಅವನು ಡ್ರೈವರಿಗೆ ಹೇಳ್ತಾನೆ, ಡ್ರೈವರ್ ಕಾರ್ಡಿಗೆ, ಕಾರ್ಡು ಪೆಟ್ಟಿಗೆಗೆ."

"ಅಷ್ಟು ಜನ ಸೇರಿದ್ರೆ ಒಂದು ಮದುವೆ ಮಾತುಕತೆ ಮುರಿದು ಬೀಳ್ತದೆ."

"ಮೂರು ದಿನದಿಂದ ಬೀಳ್ತಾನೇ ಇದೆ" ಎಂದು ಅವರು ನಗದೆ ಹೇಳಿದರು. ಏನು ಕೇಳಿದರೂ ಕಾರ್ಡು ನಾಲ್ಕು ಸಾವಿರದ ತೊಂಬತ್ತೈದು ಎಂದೇ ಹೇಳುತ್ತಿತ್ತಂತೆ. ಅದು ಅದಕ್ಕೆ ಗೊತ್ತಿರುವ ಅತಿ ದೊಡ್ಡ ಅಂಕಿ. ಎರಡು ಸಾವಿರದ ನಲವತ್ತೆಂಟು ಬಂದರೆ ನಿದ್ದೆ. ನಾಲ್ಕನೆಯ ದಿನ ಹದಿನಾರು ತಂತಿಗೂ ಎರಡು ಸಾವಿರದ ನಲವತ್ತೆಂಟರ ಹತ್ತಿರ ಹತ್ತಿರ ಬಂದಾಗ ಅವರು ಎದ್ದು ಹೊರಗೆ ಹೋಗಿ, ಬೇವಿನ ಮರಕ್ಕೆ ಒಂದು ಸುತ್ತು ಹಾಕಿ ಬಂದರು.

ರಾಯರ ಹಳೆಯ ಪ್ರೋಗ್ರಾಮಿನ ಅಚ್ಚಾದ ಹಾಳೆಗಳು ಬೀರುವಿನಲ್ಲಿದ್ದವು. ಸಬೀಹಾ ಅದನ್ನು ಸಾಲು ಸಾಲಾಗಿ ಓದಿ ಹೊಸ ಭಾಷೆಗೆ ತಂದರು. ಒಂದು ಕಡೆ ಬೆರಳಿಟ್ಟು, "ಅಣ್ಣ, ಇಲ್ಲಿ ಪ್ರತಿ ತಂತಿಗೂ ತಿರುಗಿದ ಮೇಲೆ ಒಂದರಿಂದ ಮೂವತ್ತು ಸಾವಿರದವರೆಗೆ ಸುಮ್ಮನೆ ಎಣಿಸಿದ್ದಾರೆ. ಎಣಿಸಿ ಏನೂ ಮಾಡಿಲ್ಲ. ಪಕ್ಕದಲ್ಲಿ ಏನೋ ಕೈಯಲ್ಲಿ ಬರೆದಿದ್ದನ್ನ ಯಾರೋ ಮಸಿ ಬಳಿದು ಹೊಡೆದುಹಾಕಿದ್ದಾರೆ" ಎಂದರು.

ಮಸಿ ಬಳಿದವರು ರುದ್ರಮುನಿಯವರು. ಎರಡು ವರ್ಷದ ಹಿಂದೆ ಸರ್ಕಾರಿ ಕಚೇರಿಗಳಲ್ಲಿ ತಂಬಾಕು ಕೂಡದು ಎಂದು ಸುತ್ತೋಲೆ ಬಂದಿತ್ತು. ಅದನ್ನು ಅವರು ಹಾಳೆಗಳಿಗೂ ಅನ್ವಯಿಸಿದ್ದರು. ಸಬೀಹಾ ಅವರನ್ನೇ ಕೇಳಿದಾಗ, "ಕಚೇರಿಯ ದಾಖಲೆಯಲ್ಲಿ ಇರಬಾರದ ಪದ ಇತ್ತು, ತೆಗೆದಿದ್ದೇನೆ" ಎಂದರು. ಯಾವುದೋ ಕೆಟ್ಟ ಮಾತಿರಬೇಕು ಎಂದುಕೊಂಡು, ಸಬೀಹಾ ಹೆಣ್ಣುಮಗಳಾದ್ದರಿಂದ ಮುಂದೆ ಕೇಳಲಿಲ್ಲ. ನನ್ನನ್ನು ಕೇಳಿದರು. "ರಾಯರಿಗೆ ಎಣಿಸೋ ಚಟ ಇತ್ತೇನೋ ತಾಯಿ. ಮೆಟ್ಟಿಲು ಹತ್ತುವಾಗಲೂ ಎಣಿಸೋರು" ಎಂದೆ. ಅದು ನಿಜವೂ ಆಗಿತ್ತು. "ಯಾಕೆ ಅಂತ ಗೊತ್ತಿಲ್ಲದ್ದನ್ನ ತೆಗೀಬಾರದು. ನಾನೂ ಮೂವತ್ತು ಸಾವಿರ ಎಣಿಸಿಬಿಡ್ತೀನಿ" ಎಂದು ಅವರು ಆ ಸಾಲನ್ನೂ ಇದ್ದ ಹಾಗೇ ತಂದರು. ತಂದು, ಎಲ್ಲ ಸರಿಯಾಗಿ ಓಡುತ್ತಿರುವುದನ್ನು ಎರಡು ದಿನ ನೋಡಿ, ಊರಿಗೆ ಹೋದರು. ಆ ಎರಡು ದಿನ ನಮ್ಮ ನೆಲ ಎಲ್ಲೂ ಮಿಸುಕಾಡಲಿಲ್ಲ.

ಹೊಸ ವ್ಯವಸ್ಥೆಯನ್ನು ರುದ್ರಮುನಿಯವರು ಹೂವಿನ ಹಾರ ಹಾಕಿ ಉದ್ಘಾಟಿಸಿದರು. ಗೋಡೆಯ ಹಾಳೆಯಲ್ಲಿ 'ಎರಡು, ನಸ್ಯ' ಎಂಬುದರ ಮೇಲೆ ಬಿಳಿ ಕಾಗದ ಅಂಟಿಸಿದರು. ಆದ್ದರಿಂದ ಕ್ರಮ ಒಂದು, ಮೂರು, ನಾಲ್ಕು ಎಂದಾಯಿತು. ಗುಂಡಿಗೆ ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. "ಇನ್ನು ಮೇಲೆ ಕೈಯಿಂದ ಖಾತ್ರಿ ಮಾಡಿಕೊಳ್ಳುವುದು ಬೇಡ ಪಾಲಯ್ಯ. ಯಂತ್ರದ ಮೇಲೆ ಅಪನಂಬಿಕೆ ತೋರಿಸಿದ ಹಾಗೆ ಆಗುತ್ತದೆ. ಪರದೆ ಮೇಲೆ ಏನಿದೆಯೋ ಅದನ್ನು ಓದಿ." ನಾನು ಡಬ್ಬಿಯನ್ನು ಬನಿಯನ್ನಿನ ಜೇಬಿಗೆ ಹಾಕಿಕೊಂಡೆ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನನ್ನ ಮೂಗು ಖಾಲಿಯಾಗಿತ್ತು. ಒಲೆಯ ಮೇಲಿನ ಸಾರು ಯಾವುದು ಎಂದು ಬೀದಿಯಿಂದಲೇ ತಿಳಿಯತೊಡಗಿತು.

ಮೊದಲ ಗಂಟೆ ಹೊಡೆದದ್ದು ಒಂದು ಬುಧವಾರ. ಪರದೆಯ ಮೇಲೆ ಕುಂಬಾರ ಓಣಿ ಎಂದಿತ್ತು. ನಾನು ಓದಿದೆ. ಕುಂಬಾರರು ಹಸಿ ಮಡಕೆಗಳನ್ನೆಲ್ಲ ಬಯಲಿಗೆ ತಂದು ಮರಳಿನ ಮೇಲೆ ಇಟ್ಟು ಕಾದರು. ಅತ್ತ ಸಂತೆ ಮೈದಾನದಲ್ಲಿ ಮೂರು ಗಾಡಿ ಟೊಮೆಟೊ ಕೆಳಗಿನ ಬದಿಗೆ ಉರುಳಿಕೊಂಡು ಬಂದು, ಬಟ್ಟೆ ಅಂಗಡಿಯ ಮುಂದೆ ಗುಡ್ಡೆಯಾಯಿತು. ಕುಂಬಾರರು ಮಡಕೆಗಳನ್ನು ಒಳಗೆ ಒಯ್ದರು. ಆಮೇಲಿನ ಗಂಟೆಗಳೂ ಹೀಗೇ ತಪ್ಪಿದವು. ಎರಡನೆಯ ತಿಂಗಳಿನಲ್ಲಿ ಒಂದು ಸಲ ಮೇಗಳ ಬಾವಿ ಎಂದು ಬಂತು. ದುರುಗಪ್ಪ ಆರು ನಿಮಿಷದಲ್ಲಿ ಮೇಲೆ ಬಂದು ಕಟ್ಟೆಯ ಮೇಲೆ ಕೂತ. ಬಾವಿ ಬಾಯಿ ತೆರೆದೇ ಇತ್ತು. ಹಾಲಿನ ಡೈರಿಯಲ್ಲಿ ಕ್ಯಾನುಗಳು ಸಾಲಾಗಿ ಮಗುಚಿ, ಹಾಲು ರಸ್ತೆ ದಾಟಿ ಚರಂಡಿಯ ತನಕ ಹೋಯಿತು. ಅದೇ ವಾರದಲ್ಲಿ ಇನ್ನೂ ಎರಡು ಸಲ ಮೇಗಳ ಬಾವಿ ಎಂದೇ ಬಂತು. ಎರಡು ಸಲವೂ ಡೈರಿಯೇ ವಾಲಿತು.

ಜನ ಹೊಂದಿಕೊಂಡರು. ನಮ್ಮೂರಿನವರಿಗೆ ಹೊಂದಿಕೊಳ್ಳುವುದು ಹೊಸದಲ್ಲ. ನೆಲಕ್ಕೆ ವಯಸ್ಸಾಯಿತು, ಈಗ ಒಂದು ಕಡೆ ಮಿಸುಕಾಡಿ ಇನ್ನೊಂದು ಕಡೆ ಮಗ್ಗುಲಾಗುತ್ತದೆ ಎಂದರು. ಡೈರಿಯವರು ಕ್ಯಾನುಗಳಿಗೆ ಸರಪಳಿ ಹಾಕಿದರು. ಮೈಕಿನಲ್ಲಿ ಯಾರ ಹೆಸರು ಬಂತೋ ಅವರು ನಿಶ್ಚಿಂತೆಯಿಂದ ಇದ್ದು, ಉಳಿದ ಹದಿನೈದು ಕಡೆಯವರು ಪಾತ್ರೆ ಇಳಿಸಿಕೊಳ್ಳುವುದು ವಾಡಿಕೆಯಾಯಿತು. ರುದ್ರಮುನಿಯವರು ಇದನ್ನು ಮೇಲಿನವರಿಗೆ ಬರೆಯುವಾಗ, ಸಾರ್ವಜನಿಕರಲ್ಲಿ ಜಾಗೃತಿ ಹೆಚ್ಚಿದೆ ಎಂದು ಬರೆದರು. ಸಬೀಹಾರಿಗೆ ಫೋನು ಮಾಡೋಣ ಎಂದು ನಾನು ಎರಡು ಸಲ ಹೇಳಿದೆ. "ಯಂತ್ರ ನಿಂತಿಲ್ಲವಲ್ಲ, ಏನೆಂದು ಮಾಡುವುದು?" ಎಂದರು.

ಮೂರನೆಯ ಸಲ ಸುಮ್ಮನೆ ಹತ್ತಿದ ಮೇಲೆ ದುರುಗಪ್ಪ ಕೈಕಾಲಿನ ಕೆಸರನ್ನೂ ತೊಳೆಯದೆ ನೇರ ಆಫೀಸಿಗೆ ಬಂದ. ಹಿಂದೆ ಬೋರಮ್ಮನೂ ಬಂದಳು.

"ಯಣ್ಣ, ನಾಳೆಯಿಂದ ನಾನು ಹತ್ತಲ್ಲ" ಎಂದ.

"ಯಾಕೋ?"

"ವಾರದಾಗೆ ಮೂರು ಸಲ ಅರವತ್ತಡಿ ಹತ್ತಿ ಕುಂತಿದೀನಿ. ಹೂಳು ಎದೆಮಟ್ಟ ಐತೆ. ಮೊದ್ಲು ನೀನು ಕೂಗಿದ್ರೆ ಕೂಗಿದಂಗಿರ್ತಿತ್ತು. ಈಗ ರೇಡಿಯೋದಾಗೆ ಹವಾಮಾನ ಓದಿದಂಗೆ ಓದ್ತೀಯ."

"ಪರದೆ ಮೇಲೆ ಇರಾದು ಓದ್ತೀನಪ್ಪ."

"ಓದ್ಕಳ್ರಿ ಭಾವ, ಬ್ಯಾಡ ಅಂದೋರ್ಯಾರು" ಎಂದು ಬೋರಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಇಳಿಸಾದು ನಾನು, ಎಳಿಯಾದು ನಾನು. ನಿಮ್ಮ ತಮ್ಮ ಏನ್ ಹೂವಿನ ಬುಟ್ಟಿ ಅಲ್ಲ. ನನ್ನ ರಟ್ಟೆ ಯಾರ ಪರದೆ ಮೇಲೂ ಕಾಣಲ್ಲ."

"ಹತ್ತದೆ ಇದ್ದು, ನಿಜವಾಗ್ಲೂ ಮುಚ್ಚಿಕೊಂಡ್ರೆ?" ಎಂದೆ.

"ಡೈರಿ ತಾನೆ ವಾಲಾದು" ಎಂದು ದುರುಗಪ್ಪ ಹೇಳಿದ. ಅವನು ಕೋಪದಲ್ಲಿ ಇರಲಿಲ್ಲ. ಲೆಕ್ಕ ಮಾಡಿ ಬಂದವನ ಹಾಗೆ ಇದ್ದ. ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, "ನಸ್ಯ ಬಿಟ್ಟ ಮ್ಯಾಲೆ ನಿನ್ನ ಮೂಗು ಸಣ್ಣಗಾಗೈತೆ" ಎಂದ.

ಮಾರನೆಯ ದಿನ ಗುರುವಾರ. ಹನ್ನೊಂದೂವರೆಗೆ ಗಂಟೆ ಹೊಡೆಯಿತು. ರುದ್ರಮುನಿಯವರು ನನ್ನ ಎದುರಿಗೇ ಕೂತು ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಪರದೆಯ ಮೇಲೆ ಶಾಲೆ ಬಯಲು ಎಂದಿತ್ತು. ನಾನು ಮೈಕಿನತ್ತ ಕೈ ಚಾಚಿದೆ. ಓದಿದರೆ ಮುನ್ನೂರು ಮಕ್ಕಳು ರಸ್ತೆಗೆ ಬರುತ್ತಾರೆ, ಬಂದು ಆಟವಾಡುತ್ತಾರೆ, ಇನ್ನೆಲ್ಲೋ ಏನೋ ಉರುಳುತ್ತದೆ. ಎಲ್ಲಿ ಎಂದು ಗೊತ್ತಿಲ್ಲದಿರುವುದು ಅಭ್ಯಾಸವಾಗಿ ಹೋಗಿತ್ತು. ಆದರೆ ದುರುಗಪ್ಪ ಬೆಳಗ್ಗೆ ಎಂಟಕ್ಕೇ ಇಳಿದಿದ್ದ. ನನ್ನ ಕೈ ಮೈಕನ್ನು ಬಿಟ್ಟು ಗೋಡೆಯತ್ತ ಹೋಯಿತು. ಅರಗಿನ ಮುದ್ರೆ ಒಡೆಯಲು ಕಷ್ಟವೇನಿರಲಿಲ್ಲ.

"ಪಾಲಯ್ಯ, ಅದು ಸೀಲ್ ಮಾಡಿದ್ದು" ಎಂದರು ರುದ್ರಮುನಿಯವರು.

"ಹೌದು ಸಾರ್" ಎಂದು ಬಟ್ಟೆ ಬಿಚ್ಚಿದೆ.

ಗುಂಡಿಯನ್ನು ಶಾಲೆ ಬಯಲಿಗೆ ತಿರುಗಿಸಿದೆ. ಗೋಡೆಯ ಹಾಳೆಯಲ್ಲಿ ಒಂದಾದ ಮೇಲೆ ಬಿಳಿ ಕಾಗದ, ಆಮೇಲೆ ಮೂರು. ಆದರೆ ಕೈಗೆ ಹಾಳೆ ಬೇಕಿರಲಿಲ್ಲ. ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ ಮುಳ್ಳು ನೋಡಿದೆ. ನಟ್ಟ ನಡುವೆ ನಿಂತಿತ್ತು. ಶಾಲೆಗೆ ಗಾಢ ನಿದ್ದೆ. ಗುಂಡಿಯ ಸುತ್ತ ರಾಯರು ಬಣ್ಣದಲ್ಲಿ ಬರೆದ ಹದಿನಾರು ಹೆಸರುಗಳಿವೆ. ಎರಡು ತಿಂಗಳಿನಿಂದ ಅವು ಬಟ್ಟೆಯೊಳಗಿದ್ದವು. ಹದಿಮೂರನೆಯದು ಶಾಲೆ ಬಯಲು. ಅದರ ಹಿಂದಿನ ಹೆಸರನ್ನು ನಾನು ಓದಿದೆ. ಹನ್ನೆರಡು, ಮೇಗಳ ಬಾವಿ. ಅದರ ಹಿಂದೆ ಹನ್ನೊಂದು, ಹಾಲಿನ ಡೈರಿ. ಮೇಲೆ ಐದು ಕುಂಬಾರ ಓಣಿ, ಅದರ ಹಿಂದೆ ನಾಲ್ಕು ಸಂತೆ ಮೈದಾನ. ಯಂತ್ರ ಕುಂಬಾರರನ್ನು ಕೇಳಿ ಸಂತೆಯವರ ಉತ್ತರ ತರುತ್ತಿತ್ತು. ಬಾವಿಯನ್ನು ಕೇಳಿ ಡೈರಿಯ ಉತ್ತರ ತರುತ್ತಿತ್ತು. ಗುಂಡಿಯನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿದೆ. ಇನ್ನೊಂದು ಚಿಟಿಕೆ. ಮುಳ್ಳು ಬಲಕ್ಕೆ ಪೂರ್ತಿ ಮಲಗಿತು.

ಗಡಿಯಾರ ನೋಡಿದೆ. ಐದು ನಿಮಿಷಕ್ಕೊಮ್ಮೆ ಕೇಳುವ ಯಂತ್ರ, ಆದ್ದರಿಂದ ಮಿಸುಕಾಟ ಶುರುವಾಗಿ ಎಷ್ಟು ಹೊತ್ತಾಗಿದೆಯೋ ತಿಳಿಯದು. ಗಂಟೆ ಹೊಡೆದಾಗ ಹದಿನೈದು ನಿಮಿಷವಾದರೂ ಉಳಿದಿರಬೇಕು, ಹೊಡೆದು ಮೂರು ನಿಮಿಷವಾಗಿತ್ತು. ಬಾವಿ ಎಂದು ಓದಿದರೆ ಅವನು ಹತ್ತುವುದಿಲ್ಲ. ಹತ್ತುವುದಿಲ್ಲ ಎಂದು ಹೇಳಿಹೋಗಿದ್ದ. ಬಾವಿ ಊರಾಚೆ ಎರಡು ಮೈಲಿ. ಓಡಲು ನನಗೆ ಐವತ್ತೊಂಬತ್ತು ವರ್ಷ.

"ಪರದೆ ಮೇಲೆ ಶಾಲೆ ಅಂತ ಇದೆ" ಎಂದು ರುದ್ರಮುನಿಯವರು ನೆನಪಿಸಿದರು.

"ಇದೆ ಸಾರ್" ಎಂದು ಮೈಕಿನ ಗುಂಡಿ ಒತ್ತಿದೆ. ಏನು ಹೇಳಿದರೆ ಅವನು ನಂಬುತ್ತಾನೆ ಎಂದು ಯೋಚಿಸುತ್ತಲೇ ಬಾಯಿ ತೆರೆದೆ. ಎರಡು ತಿಂಗಳು ಖಾಲಿ ಬಿದ್ದಿದ್ದ ಮೂಗಿಗೆ ಎರಡು ಚಿಟಿಕೆ ಒಟ್ಟಿಗೇ ತಾಗಿತ್ತು. ಮಾತು ಬರುವ ಮುಂಚೆ ಸೀನು ಬಂತು. ಒಂದಲ್ಲ, ನಾಲ್ಕು. ಊರಿನ ಹನ್ನೆರಡು ಧ್ವನಿವರ್ಧಕಗಳಲ್ಲೂ ಅದು ಗೋಡೆಯಿಂದ ಗೋಡೆಗೆ ಬಡಿದುಕೊಂಡು ಹೋಯಿತು. ಆಮೇಲೆ, "ಮೇಗಳ ಬಾವಿಯವರು ಗಮನಿಸಿ" ಎಂದು ಮಾತ್ರ ಹೇಳಲು ಆಯಿತು. ಉಳಿದದ್ದನ್ನು ಐದನೆಯ ಸೀನು ನುಂಗಿತು.

ಬಾವಿಯ ಹತ್ತಿರ ನಡೆದದ್ದನ್ನು ಬೋರಮ್ಮ ಆಮೇಲೆ ಹೇಳಿದಳು. ಬಾವಿಯ ಹತ್ತಿರದ ಧ್ವನಿವರ್ಧಕ ಗರಗರ ಎಂದಾಗ ಅವಳು ಬಗ್ಗಿ, "ಏನೋ ಕೂಗ್ತಾರಂತೆ" ಎಂದಿದ್ದಳಂತೆ. ಕೆಳಗಿನಿಂದ ಅವನು, "ಕೂಗ್ಲಿ, ಬುಟ್ಟಿ ಇಳಿಸು" ಎಂದನಂತೆ. ಅವಳು ಬುಟ್ಟಿ ಅರ್ಧ ಇಳಿಸುವಷ್ಟರಲ್ಲಿ ಸೀನು ಬಂತು. ಬಾವಿಯೊಳಗೆ ಸಲಿಕೆಯ ಸದ್ದು ನಿಂತಿತು. "ರಾಟೆ ಎಳಿಯೇ, ಅಣ್ಣ ಸೀನವ್ನೆ" ಎಂದು ಅವನು ಕೂಗಿದನಂತೆ. ಸಲಿಕೆಯನ್ನು ಅಲ್ಲೇ ಬಿಟ್ಟು ಹಗ್ಗ ಹಿಡಿದ. ನಾನು ಸೈಕಲ್ ತುಳಿದು ಹೋಗುವ ಹೊತ್ತಿಗೆ ಅವನು ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಬೀಡಿ ಅರ್ಧವಾಗುವಾಗ ಬಾವಿಯ ಸುತ್ತಿನ ಕಲ್ಲುಗಳು ಅವಸರವಿಲ್ಲದೆ ಒಳಕ್ಕೆ ಸರಿದು ಬಾಯಿ ಮುಚ್ಚಿದವು. ನಾವು ಮೂವರೂ ಅದನ್ನು ನೋಡಿದೆವು. ಕಾಲುಗಂಟೆಯ ಮೇಲೆ ತೆರೆದುಕೊಂಡಾಗ ಬೋರಮ್ಮ ಕೊಕ್ಕೆ ಹಾಕಿ ಸಲಿಕೆಯನ್ನು ಎಳೆದಳು. ಅದು ಹಪ್ಪಳದ ಹಾಗೆ ಸುರುಳಿಯಾಗಿತ್ತು. ದುರುಗಪ್ಪ ಅದನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿ, "ಕಾವು ಚೆನ್ನಾಗಿತ್ತು" ಎಂದ. ಸಲಿಕೆಯ ಹಿಡಿಯನ್ನು ನಮ್ಮಲ್ಲಿ ಕಾವು ಎನ್ನುತ್ತೇವೆ.

ಮಾರನೆಯ ದಿನ ಸಬೀಹಾ ಬಂದರು. ಈ ಸಲ ಫೋನು ಮಾಡಿದ್ದು ನಾನೇ. ನಡೆದದ್ದನ್ನೆಲ್ಲ ಕೇಳಿ, ಗೋಡೆಯ ಹಾಳೆಯ ಮುಂದೆ ನಿಂತು, ಬಿಳಿ ಕಾಗದದ ಮೇಲೆ ಬೆರಳಿಟ್ಟು, "ಇದರ ಕೆಳಗೆ ಏನಿತ್ತು ಅಣ್ಣ?" ಎಂದರು.

"ನಸ್ಯ."

"ಪ್ರೋಗ್ರಾಮಿನ ಹಾಳೆಯಲ್ಲಿ ಮಸಿ ಬಳಿದಿದ್ದೂ ಅದೇನಾ?"

ನಾನು ರುದ್ರಮುನಿಯವರನ್ನು ನೋಡಿದೆ. ಅವರು ಕಿಟಕಿಯನ್ನು ನೋಡಿದರು. ಸಬೀಹಾ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಹಣೆ ಹಿಡಿದುಕೊಂಡರು. ಆಮೇಲೆ ನನಗೆ ತಿಳಿಯುವಂತೆ ಹೇಳಿದರು. ಪೆಟ್ಟಿಗೆ ಹಳೆಯದು. ಒಂದು ತಂತಿಯಿಂದ ಇನ್ನೊಂದಕ್ಕೆ ತಿರುಗಿದ ಮೇಲೂ ಸ್ವಲ್ಪ ಹೊತ್ತು ಹಿಂದಿನವರ ಮಾತು ಅದರ ಕಿವಿಯಲ್ಲಿ ಉಳಿದಿರುತ್ತದೆ. ಆ ಹೊತ್ತು ಕಳೆಯಲಿ ಎಂದು ರಾಯರು ನಸ್ಯ ಏರಿಸುತ್ತಿದ್ದರು. ಕಂಪ್ಯೂಟರಿಗೆ ಮೂಗಿಲ್ಲದ್ದರಿಂದ ಅದಕ್ಕೆ ಮೂವತ್ತು ಸಾವಿರ ಎಣಿಸಲು ಹೇಳಿದ್ದರು. ಹಳೆಯ ಕಂಪ್ಯೂಟರ್ ಅಷ್ಟು ಎಣಿಸುವುದಕ್ಕೆ ಒಂದು ಚಿಟಿಕೆಯ ಹೊತ್ತು ತೆಗೆದುಕೊಳ್ಳುತ್ತಿತ್ತು. "ನಾನು ಆ ಸಾಲನ್ನ ಬಿಡಲಿಲ್ಲ ಅಣ್ಣ, ಹಾಗೇ ತಂದೆ. ಆದರೆ ಹೊಸ ಯಂತ್ರ ಮೂವತ್ತು ಸಾವಿರವನ್ನ ರೆಪ್ಪೆ ಮಿಟುಕಿಸೋದರೊಳಗೆ ಎಣಿಸಿಬಿಡುತ್ತೆ. ಎಣಿಸಿ, ಪೆಟ್ಟಿಗೆ ಇನ್ನೂ ಡೈರಿ ಜೊತೆ ಮಾತಾಡ್ತಿರುವಾಗಲೇ ಬಾವಿ ಏನಂತು ಅಂತ ಕೇಳುತ್ತೆ."

"ಅವಸರದವರು" ಎಂದೆ.

"ಅವಸರದವರು" ಎಂದು ಅವರೂ ಒಪ್ಪಿದರು. "ಈಗ ಎಣಿಸೋದು ಬೇಡ. ಇಷ್ಟು ಹೊತ್ತು ಕಾಯಿ ಅಂತಲೇ ಹೇಳ್ತೀನಿ. ಎಷ್ಟು ಹೊತ್ತು ಅಂತ ಮಾತ್ರ ಗೊತ್ತಾಗಬೇಕು."

ಅದನ್ನು ತಿಳಿಯಲು ದಾರಿ ಒಂದೇ ಇತ್ತು. ಸಬೀಹಾ ಫೋನಿನಲ್ಲಿ ಗಡಿಯಾರ ತೆರೆದು ನನ್ನ ಎದುರಿಗೆ ಕೂತರು. ನಾನು ಗುಂಡಿ ತಿರುಗಿಸಿ, ಡಬ್ಬಿ ತೆರೆದು, ಏರಿಸಿ, ಮುಳ್ಳು ನೋಡಬೇಕು. ಹದಿನಾರು ತಂತಿಗೂ ಹಾಗೆ ಮಾಡಿದೆ. ರುದ್ರಮುನಿಯವರು ಕಚೇರಿಯಲ್ಲಿ ತಂಬಾಕು ಬಳಕೆಯನ್ನು ನೋಡಲು ಇಷ್ಟವಿಲ್ಲದೆ ಹೊರಗೆ ಬೇವಿನ ಮರದ ಕೆಳಗೆ ನಿಂತರು. ಏಳನೆಯ ತಂತಿಯಲ್ಲಿ ಸೀನು ಬಂತು. "ಸೀನನ್ನೂ ಸೇರಿಸಬೇಕಾ?" ಎಂದು ಸಬೀಹಾ ಕೇಳಿದರು. ರಾಯರು ಸೀನುತ್ತಿರಲಿಲ್ಲ, ಬೇಡ ಎಂದೆ. ಸರಾಸರಿ ಎರಡೂಕಾಲು ಸೆಕೆಂಡು ಬಂತು. ಅವರು ಅದನ್ನು ಎರಡೂವರೆ ಮಾಡಿದರು, ಯಾವತ್ತಾದರೂ ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಎಂದು. ಪ್ರೋಗ್ರಾಮಿನಲ್ಲಿ ಆ ಸಾಲಿಗೆ ನಸ್ಯ ಎಂದೇ ಹೆಸರಿಟ್ಟರು. ರುದ್ರಮುನಿಯವರಿಗೆ ಅದು ಪರದೆಯ ಮೇಲೆ ಕಾಣುವುದಿಲ್ಲ. ಗೋಡೆಯ ಹಾಳೆಯ ಬಿಳಿ ಕಾಗದದ ಮೇಲೆ ಅವರು ತಾವೇ ಪೆನ್ನು ಹಿಡಿದು 'ಎರಡು, ವಿರಾಮ' ಎಂದು ಬರೆದರು. ಅರಗಿನ ಮುದ್ರೆಯ ಮಾತು ಎತ್ತಲಿಲ್ಲ.

ಹೋಗುವ ಮುಂಚೆ ಸಬೀಹಾ ಇನ್ನೊಂದು ಕೆಲಸ ಮಾಡಿದರು. ನನ್ನ ನಿವೃತ್ತಿಗೆ ಎಂಟು ತಿಂಗಳಷ್ಟೇ ಇತ್ತು. "ನೀವು ಹೋದ ಮೇಲೆ ನಿಮ್ಮ ತಮ್ಮ ಯಾರ ಮಾತು ಕೇಳಿ ಹತ್ತುತ್ತಾನೆ?" ಎಂದು ಕೇಳಿ, ಮೈಕಿನ ಮುಂದೆ ನನ್ನನ್ನು ಕೂರಿಸಿ, ಒಂದು ಒಳ್ಳೆಯ ಸೀನನ್ನು ಹಿಡಿದಿಟ್ಟುಕೊಂಡರು. ಒಳ್ಳೆಯದು ಬರಲು ಹನ್ನೊಂದು ಸಲ ಸೀನಬೇಕಾಯಿತು.

ಈಗ ನಾನು ಮನೆಯಲ್ಲಿದ್ದೇನೆ. ಗಂಟೆ ಹೊಡೆದರೆ ಧ್ವನಿವರ್ಧಕದಲ್ಲಿ ಮೊದಲು ನನ್ನ ಸೀನು ಬರುತ್ತದೆ, ಆಮೇಲೆ ಈಗಿನವರು ಜಾಗದ ಹೆಸರು ಹೇಳುತ್ತಾರೆ. ಹೇಳಿದ ಜಾಗವೇ ವಾಲುತ್ತದೆ. ನಾನೂ ಎಲ್ಲರ ಹಾಗೆ ನನ್ನ ಸೀನು ಕೇಳಿ ಲೋಟ ಕೆಳಗಿಟ್ಟು ಕಾಯುತ್ತೇನೆ. "ನೀನು ಸತ್ ಮ್ಯಾಲೂ ನಾನು ನಿನ್ ಸೀನಿಗೇ ಹತ್ತಬೇಕಲ್ಲಣ್ಣ" ಎಂದು ದುರುಗಪ್ಪ ಒಮ್ಮೆ ಹೇಳಿದ. "ಹತ್ತು" ಎಂದೆ.

ಮಧ್ಯಾಹ್ನದ ಹೊತ್ತು ನಾನು ಬಾವಿಯ ಕಡೆ ಹೋಗಿ ಕೂರುವುದುಂಟು. ಹೋಗುವಾಗ ನಸ್ಯದ ಡಬ್ಬಿಯನ್ನು ಮನೆಯಲ್ಲೇ ಇಟ್ಟು ಹೋಗುತ್ತೇನೆ. ಹೋದ ವಾರ ಬೋರಮ್ಮ ಅಲ್ಲೇ ಮೂರು ಕಲ್ಲು ಹೂಡಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಒಣಮೆಣಸಿನಕಾಯಿ ಸೀದು ಘಾಟು ನನ್ನ ಮುಖಕ್ಕೆ ಬಂತು. ಟವೆಲ್ ಒತ್ತಿ ಹಿಡಿದೆ, ಆಗಲಿಲ್ಲ. ಕೆಳಗೆ ಸಲಿಕೆಯ ಸದ್ದು ನಿಂತಿತು. ಬೋರಮ್ಮ ಸೌಟು ಬಿಟ್ಟು ರಾಟೆಗೆ ಹೋದಳು. ಆರು ನಿಮಿಷಕ್ಕೆ ದುರುಗಪ್ಪ ಮೇಲೆ ಬಂದು, ಕೆಸರು ಕೈಯನ್ನು ಕಟ್ಟೆಗೆ ಒರೆಸಿ, ಯಾವ ಜಾಗ ಎಂದು ಕೇಳಿದ.

"ಒಗ್ಗರಣೆ" ಎಂದೆ.

ಅವನು ಬಾವಿಯೊಳಕ್ಕೆ ಒಂದು ಸಲ ಬಗ್ಗಿ ನೋಡಿದ. ನನ್ನನ್ನು ನೋಡಿದ. ಬಂದದ್ದಾಗಿದೆ ಎಂದು ಕೈ ತೊಳೆದು ಊಟಕ್ಕೆ ಕೂತ. ಉಂಡು, ಹೊಸ ಸಲಿಕೆ ಹೆಗಲಿಗೇರಿಸಿಕೊಂಡು, ಮತ್ತೆ ಇಳಿದ.